ಎದುರಿಗಿಲ್ಲದವರ ಬಗ್ಗೆ

2025ರ ಮಾರ್ಚ್ ತಿಂಗಳಲ್ಲಿ ತುಂಗಭದ್ರಾ ನದಿಯಲ್ಲಿ ನಮ್ಮ ಜಿಲ್ಲೆಯ ಒಬ್ಬ ಯುವತಿಯ ಶವ ಸಿಕ್ಕಿತು. ಅದು ಕೊಲೆಯೆಂದು ಪೊಲೀಸರು ಹೇಳಿದರು. ಮೂವರನ್ನು ಆರೋಪಿಗಳೆಂದು ಹೆಸರಿಸಿದರು. ಮೂವರಲ್ಲಿ ಒಬ್ಬನದು ಮುಸ್ಲಿಂ ಹೆಸರು, ಇಬ್ಬರದು ಹಿಂದೂ ಹೆಸರು. ಆಕೆಯ ಹೆಸರನ್ನಾಗಲಿ ಅವರ ಹೆಸರುಗಳನ್ನಾಗಲಿ ನಾನಿಲ್ಲಿ ಬರೆಯುವುದಿಲ್ಲ. ಅವು ಈಗಾಗಲೇ ಬೇಕಾದಷ್ಟು ಕೈ ಬದಲಾಯಿಸಿವೆ. ತಪ್ಪು ಯಾರದೆಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಮಗಳನ್ನು ಕಳೆದುಕೊಂಡ ಮನೆಗೆ ನ್ಯಾಯ ಸಿಗಲೆಂದು ಹಾರೈಸುವುದನ್ನು ಬಿಟ್ಟರೆ ಆ ಮೊಕದ್ದಮೆಯ ಬಗ್ಗೆ ನನ್ನಂಥವನು ಹೇಳುವಂಥದ್ದು ಏನೂ ಇಲ್ಲ.

ನನ್ನ ತಕರಾರು ಇರುವುದು ಆ ವಾರ ನಮ್ಮ ಫೋನುಗಳಲ್ಲಿ ನಡೆದ ಮಾತಿನ ಬಗ್ಗೆ.

ಎಸ್ಸೆಸ್ಸೆಲ್ಸಿಯಲ್ಲಿ ಒಟ್ಟಿಗೆ ಓದಿದವರದೊಂದು ವಾಟ್ಸಾಪ್ ಗುಂಪು ನಮ್ಮದಿದೆ. ಹಾವೇರಿಯಲ್ಲಿ ವಕೀಲಿಕೆ ಮಾಡುವವರು, ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟವರು, ಗೋವೆಯಲ್ಲಿ ಗೌಂಡಿ ಕೆಲಸಕ್ಕಿರುವವರು, ಬೆಂಗಳೂರಿನಲ್ಲಿ ನೌಕರಿಯಲ್ಲಿರುವವರು, ಊರಲ್ಲೇ ಉಳಿದು ಗೋವಿನಜೋಳ, ಮೆಣಸಿನಕಾಯಿ ಬೆಳೆಯುವವರು, ಎಲ್ಲ ಸೇರಿ ಅರವತ್ತಕ್ಕೂ ಹೆಚ್ಚು ಜನ. ಲಿಂಗಾಯತರು, ಕುರುಬರು, ಅಂಬಿಗರು, ವಾಲ್ಮೀಕಿಗಳು, ದಲಿತರು, ನಾವು ಏಳೆಂಟು ಮಂದಿ ಮುಸ್ಲಿಮರು. ನಾನು ಅದರ ಅಡ್ಮಿನ್. ನನ್ನ ಫೋನಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಗುಂಪುಗಳಿವೆ. ಆದರೆ ಎಲ್ಲ ಜಾತಿ-ಧರ್ಮದವರೂ ಇರುವ ಗುಂಪು ಇದೊಂದೇ ಎಂಬುದನ್ನು ನಾನು ಗಮನಿಸಿದ್ದು ಆ ಮಾರ್ಚ್ ತಿಂಗಳಲ್ಲೇ. ಉಳಿದವೆಲ್ಲ ಜಮಾಅತಿನವು, ಬೀಗರವು, ಓಣಿಯ ಹುಡುಗರವು.

ಆ ಸಂಜೆ ಬ್ಯಾಚಿನ ಗುಂಪಿನಲ್ಲಿ ಒಬ್ಬ ಗೆಳೆಯ ಒಂದು ಪೋಸ್ಟರ್ ಹಾಕಿದ. ಅದರಲ್ಲಿ ಮೂವರು ಆರೋಪಿಗಳಲ್ಲಿ ಒಬ್ಬನ ಹೆಸರಷ್ಟೇ ಇತ್ತು. ಯಾವ ಹೆಸರೆಂದು ಬಿಡಿಸಿ ಹೇಳಬೇಕಿಲ್ಲ. ಹತ್ತು ನಿಮಿಷ ಕಳೆಯುವುದರೊಳಗೆ ನಮ್ಮವನೊಬ್ಬ ಉತ್ತರ ಕೊಟ್ಟ. ಅವನ ಉತ್ತರದಲ್ಲಿ ಉಳಿದಿಬ್ಬರ ಹೆಸರುಗಳಿದ್ದವು. ಅಲ್ಲಿಂದ ಮುಂದೆ ಮೂರು ದಿನ ಆ ಗುಂಪಿನಲ್ಲಿ ನಡೆದದ್ದು ಹೆಸರುಗಳ ಲೆಕ್ಕ. ಎಲ್ಲೆಲ್ಲಿಯೋ ನಡೆದ ಕೊಲೆಗಳನ್ನು, ಯಾವ್ಯಾವುದೋ ರಾಜ್ಯದ ಹೆಣ್ಣುಮಕ್ಕಳನ್ನು ಎರಡೂ ಕಡೆಯವರು ಹೆಕ್ಕಿ ತಂದು ತಕ್ಕಡಿಗೆ ಹಾಕಿದರು. ತುಂಗಭದ್ರೆಯಲ್ಲಿ ಸಿಕ್ಕ ಹುಡುಗಿ ಎರಡನೆಯ ದಿನಕ್ಕೇ ಮಾತಿನಿಂದ ಹೊರಗಾಗಿದ್ದಳು. ಮೂರನೆಯ ದಿನ ರಾತ್ರಿ ಆ ಗೆಳೆಯ ಗುಂಪು ಬಿಟ್ಟ. ಅವನು ಹೊರಹೋದನೆಂಬ ಒಂದು ಸಾಲು ಪರದೆಯ ನಡುವೆ ಸಣ್ಣ ಅಕ್ಷರದಲ್ಲಿ ಬಂತು.

ನಾನೇನು ಮಾಡಿದೆ? ಅಡ್ಮಿನ್ ಆದವನು ಮಾಡುವುದನ್ನೇ ಮಾಡಿದೆ. ಎಲ್ಲರೂ ಶಾಂತಿ ಕಾಪಾಡಬೇಕು, ನಾವೆಲ್ಲ ಒಂದೇ ಬೆಂಚಿನಲ್ಲಿ ಕೂತು ಓದಿದವರು ಎಂದು ಬರೆದು ಕೈಮುಗಿಯುವ ಚಿತ್ರ ಹಾಕಿದೆ. ಅದೇ ಸಂಜೆ, ಅದೇ ಫೋನಿನಲ್ಲಿ, ಜಮಾಅತಿನ ಗುಂಪಿಗೆ ಉಳಿದ ಎರಡು ಹೆಸರುಗಳಿದ್ದ ಸಂದೇಶವನ್ನು ನಾನೇ ಕಳಿಸಿದೆ. ಕೆಳಗೆ ನನ್ನದೂ ಒಂದು ಸಾಲು ಸೇರಿಸಿದ್ದೆ: ಈಗ ಇದಕ್ಕೆ ಯಾವ ಜಿಹಾದ್ ಅನ್ನುತ್ತಾರಂತೆ ಕೇಳಿ ನೋಡಿ. ಎಂಟ್ಹತ್ತು ಮಂದಿ ಮೆಚ್ಚಿ ಹೆಬ್ಬೆರಳು ಎತ್ತಿದರು. ಆ ಹೊತ್ತಿಗೆ ನನಗೆ ನಾಚಿಕೆಯಾಗಲಿಲ್ಲ ಎಂಬುದನ್ನು ಮುಚ್ಚಿಟ್ಟು ಈ ಲೇಖನ ಬರೆದರೆ ಅದು ಕಪಟವಾದೀತು.

ಸಾಮಾಜಿಕ ಜಾಲತಾಣದ ಬಗ್ಗೆ ಭಾಷಣ ಮಾಡುವವರೆಲ್ಲ ಸುಳ್ಳು ಸುದ್ದಿಯ ಬಗ್ಗೆ ಮಾತನಾಡುತ್ತಾರೆ. ಸುದ್ದಿಯನ್ನು ಪರಿಶೀಲಿಸಿ, ಫೋಟೋ ಹಳೆಯದೋ ಹೊಸದೋ ನೋಡಿ, ಆಮೇಲೆ ಹಂಚಿ ಎನ್ನುತ್ತಾರೆ. ಸರಿಯಾದ ಮಾತೇ. ಸುಳ್ಳು ಜೀವ ತೆಗೆಯುತ್ತದೆ ಎಂಬುದನ್ನು ನಮ್ಮ ರಾಜ್ಯ ಕಣ್ಣಾರೆ ಕಂಡಿದೆ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಎಂಬ ಊರಿನಲ್ಲಿ ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಉದ್ಯೋಗಿಯನ್ನು ಜನ ಹೊಡೆದು ಕೊಂದರು. ಅವನ ಜೊತೆಗಿದ್ದವರು ದಾರಿಯ ಊರಿನಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟಿದ್ದರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸಾಪ್ ಸಂದೇಶ ಅವರ ಕಾರಿಗಿಂತ ಮೊದಲೇ ಮುಂದಿನ ಊರು ತಲುಪಿತ್ತು. ಅದಕ್ಕೂ ಎರಡು ತಿಂಗಳು ಮೊದಲು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ ಒಬ್ಬ ಬಡವ ಇದೇ ವದಂತಿಗೆ ಬಲಿಯಾಗಿದ್ದ. ಇನ್ನೂ ಹಿಂದಕ್ಕೆ ಹೋದರೆ 2012ರ ಆಗಸ್ಟ್. ಆಗ ನಮ್ಮ ಕೈಯಲ್ಲಿ ಸ್ಮಾರ್ಟ್‌ಫೋನು ಇರಲಿಲ್ಲ, ಬರಿಯ ಎಸ್ಸೆಮ್ಮೆಸ್ಸು. ಅಷ್ಟರಿಂದಲೇ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದರು. ಮುಸ್ಲಿಮರು ತಮ್ಮ ಮೇಲೆ ದಾಳಿ ಮಾಡುತ್ತಾರೆಂದು ಅವರನ್ನು ನಂಬಿಸಲಾಗಿತ್ತು. ಕೇಂದ್ರ ಸರಕಾರ ಹದಿನೈದು ದಿನ ಸಗಟು ಎಸ್ಸೆಮ್ಮೆಸ್ಸಿಗೆ ಕಡಿವಾಣ ಹಾಕಬೇಕಾಯಿತು.

ಇದೆಲ್ಲ ನಿಜ. ಆದರೆ ನಮ್ಮ ಬ್ಯಾಚಿನ ಗುಂಪಿನಲ್ಲಿ ಆ ಮೂರು ದಿನ ಸುಳ್ಳು ಹೇಳಿದವರು ಯಾರು? ಗೆಳೆಯ ಹಾಕಿದ ಹೆಸರು ಪೊಲೀಸರು ಹೇಳಿದ ಹೆಸರೇ. ನಮ್ಮವನು ಹಾಕಿದ ಹೆಸರುಗಳೂ ಪೊಲೀಸರು ಹೇಳಿದವೇ. ನಾನು ಜಮಾಅತಿನ ಗುಂಪಿಗೆ ಕಳಿಸಿದ್ದೂ ಸುಳ್ಳಲ್ಲ. ಸತ್ಯಶೋಧನೆ ಮಾಡುವ ಯಾವ ಸಂಸ್ಥೆಯ ಮುಂದಿಟ್ಟರೂ ನಾವೆಲ್ಲ ಪಾಸಾಗುತ್ತಿದ್ದೆವು. ಗುಂಪು ಒಡೆದದ್ದು ನಿಜ ಸುದ್ದಿಯಿಂದಲೇ. ಹಾಗಿದ್ದರೆ ರೋಗ ಎಲ್ಲಿದೆ?

ಇದಕ್ಕೆ ಉತ್ತರ ಹುಡುಕಲು ನಮ್ಮ ಊರಿನ ಸಂತೆಗೆ ಹೋಗಿಬರಬೇಕು.

ಗುತ್ತಲ ಹಳೆಯ ಊರು. ಒಂದು ಕಾಲದಲ್ಲಿ ಗುತ್ತ ಅರಸರ ರಾಜಧಾನಿ. ಶಾಸನಗಳಲ್ಲಿ ಅದರ ಹೆಸರು ಗುತ್ತವೊಳಲು. ಇಂದು ಅದು ಸುತ್ತಲಿನ ಹಳ್ಳಿಗಳಿಗೆ ಪೇಟೆ. ಸಂತೆಯ ದಿನ ಇಲ್ಲಿ ಲಿಂಗಾಯತ ರೈತ ಮುಸ್ಲಿಂ ವ್ಯಾಪಾರಿಯ ಹತ್ತಿರ ಮೆಣಸಿನಕಾಯಿಯ ದರ ಕೇಳುತ್ತಾನೆ. ಮುಸ್ಲಿಂ ಹೆಂಗಸು ಅಂಬಿಗರ ಹೆಂಗಸಿನ ಹತ್ತಿರ ಹೊಳೆಮೀನಿಗೆ ಚೌಕಾಸಿ ಮಾಡುತ್ತಾಳೆ. ಇದನ್ನು ಸೌಹಾರ್ದವೆಂದು ಹಾಡಿ ಹೊಗಳಲು ನನಗೆ ಇಷ್ಟವಿಲ್ಲ. ಸೌಹಾರ್ದದ ಭಾಷಣಗಳನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಶಿಶುನಾಳ ಶರೀಫರ, ಗೋವಿಂದಭಟ್ಟರ ಚಿತ್ರ ಹಂಚಿದ ಬೆರಳೇ ಮರುಕ್ಷಣ ಏನನ್ನು ಹಂಚುತ್ತದೆಂದು ನಮಗೆಲ್ಲ ಗೊತ್ತು. ಸಂತೆಯಲ್ಲಿ ಪ್ರೀತಿಯೇ ಉಕ್ಕುತ್ತಿತ್ತು ಎಂದೂ ಅಲ್ಲ. ಅಲ್ಲಿ ಅನುಮಾನವಿತ್ತು, ಮೇಲು-ಕೀಳಿತ್ತು, ದಲಿತರಿಗೆ ಚಹಾದಂಗಡಿಯಲ್ಲಿ ಬೇರೆ ಲೋಟವಿದ್ದ ಕಾಲವೂ ಇತ್ತು. ನಾನು ಹೇಳುವುದು ಇಷ್ಟೇ: ಸಂತೆಯಲ್ಲಿ ನೀವು ಯಾರ ಬಗ್ಗೆ ಮಾತನಾಡುತ್ತೀರೋ ಅವರು ಕೂಗಳತೆಯಲ್ಲಿ ಇರುತ್ತಿದ್ದರು. ಮಾತು ಅವರ ಕಿವಿಗೆ ಬೀಳುತ್ತಿತ್ತು. ಬಿದ್ದ ಮೇಲೂ ಮುಂದಿನ ವಾರ ಅವರಿಗೇ ಮಾಲು ಮಾರಬೇಕಿತ್ತು. ಆದ್ದರಿಂದ ನಾಲಿಗೆ ಒಂದಿಷ್ಟು ತಡವರಿಸುತ್ತಿತ್ತು. ನಮ್ಮ ಹಿರಿಯರ ಮಾತಿನಲ್ಲಿದ್ದ ಹದದಲ್ಲಿ ಅವರ ಒಳ್ಳೆಯತನದ ಪಾಲಿಗಿಂತ ಈ ತಡವರಿಕೆಯ ಪಾಲೇ ದೊಡ್ಡದಿರಬೇಕೆಂದು ನನ್ನ ಅನುಮಾನ.

ಇನ್ನೊಂದು ಸಂಗತಿ. ನಮ್ಮ ಕಡೆಯ ಕನ್ನಡದಲ್ಲಿ ಎದುರಿಗಿದ್ದವರನ್ನು ಸಂಬಂಧವಿಲ್ಲದೆ ಕರೆಯುವುದು ಕಷ್ಟ. ಹಿರಿಯ ಗೌಡರು ನನಗೆ ಕಾಕಾ, ಅವರ ಹೆಂಡತಿ ಚಿಗವ್ವ. ನನ್ನ ತಂದೆ ಅವರ ಮಕ್ಕಳಿಗೆ ಮಾಮಾ. ಹೆಸರು ಗೊತ್ತಿಲ್ಲದವನೂ ಯಣ್ಣಾ ಆಗುತ್ತಾನೆ, ತಮ್ಮಾ ಆಗುತ್ತಾನೆ. ಬೈಯುವಾಗಲೂ 'ಏ ಕಾಕಾ, ನಿಂದ ಅತೀ ಆತ ನೋಡ' ಎಂದೇ ಬೈಯಬೇಕು. ಬೈಗುಳದ ಮೊದಲೇ ಸಂಬಂಧ ಬಂದು ಕೂತಿರುತ್ತದೆ. ಫೋನಿನ ಗುಂಪಿನಲ್ಲಿ ಈ ಶಬ್ದಗಳೆಲ್ಲ ಎಲ್ಲಿ ಹೋದವು? ಅಲ್ಲಿ ಉಳಿದಿರುವುದು ಎರಡೇ ಶಬ್ದ: ನಮ್ಮವರು ಮತ್ತು ಅವರು. ಸಂತೆಯಲ್ಲಿ ಗೌಡ್ರ ಕಾಕಾ ಆಗಿದ್ದವನು ಜಮಾಅತಿನ ಗುಂಪಿನಲ್ಲಿ 'ಅವರು' ಆಗುತ್ತಾನೆ. ನನ್ನ ತಂದೆಯನ್ನು ಮಾಮಾ ಎಂದು ಕರೆದು ಬೆಳೆದ ಹುಡುಗ ತನ್ನ ಗುಂಪಿನಲ್ಲಿ 'ಈ ಜನ' ಎಂದು ಬರೆಯುತ್ತಾನೆ. ಅವನಿಗೂ ಗೊತ್ತು, ಆ ಜನರಲ್ಲಿ ಮಾಮಾ ಸೇರಿದ್ದಾನೆಂದು. ಆದರೆ ಬರೆಯುವ ಹೊತ್ತಿನಲ್ಲಿ ಮಾಮಾ ಎದುರಿಗಿಲ್ಲ.

ಎದುರಿಗಿಲ್ಲದವರ ಬಗ್ಗೆ ಮಾತನಾಡಲು ನಮಗೆ ಇಷ್ಟು ದೊಡ್ಡ, ಇಷ್ಟು ಅಗ್ಗದ, ಇಷ್ಟು ಸುರಕ್ಷಿತ ಜಾಗ ಹಿಂದೆಂದೂ ಸಿಕ್ಕಿರಲಿಲ್ಲ. ಅಗ್ಗ ಎಂದಾಗ ನೆನಪಾಯಿತು. 2016ರ ಸೆಪ್ಟೆಂಬರಿಗೆ ಮೊದಲು, ಎಂದರೆ ಜಿಯೋ ಬರುವ ಮೊದಲು, ನಮ್ಮೂರಲ್ಲಿ ಮಿಸ್ಡ್ ಕಾಲಿನ ಭಾಷೆಯೇ ಒಂದಿತ್ತು. ಒಂದು ರಿಂಗಾದರೆ ಹೊರಟೆ, ಎರಡಾದರೆ ತಲುಪಿದೆ. ಹಣ ಉಳಿಸಲು ಹುಟ್ಟಿದ ಭಾಷೆ ಅದು. ಅದರಲ್ಲಿ ಯಾರನ್ನೂ ನಿಂದಿಸಲು ಬರುತ್ತಿರಲಿಲ್ಲ!

ಜಾಲತಾಣವೆಂದರೆ ಬರಿಯ ಕೆಡುಕೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಬ್ಯಾಡಗಿ ಮಾರುಕಟ್ಟೆಯ ಇಂದಿನ ಮೆಣಸಿನಕಾಯಿ ದರ ಹೊಲದಲ್ಲಿ ನಿಂತವನ ಕೈಗೆ ಬರುತ್ತದೆ. ದಲ್ಲಾಳಿ ಹೇಳಿದ್ದೇ ದರವೆಂಬ ಕಾಲ ಹೋಗಿದೆ. 2021ರ ಕೊರೊನಾ ಎರಡನೆಯ ಅಲೆಯಲ್ಲಿ ಆಕ್ಸಿಜನ್ ಎಲ್ಲಿದೆ, ಹಾಸಿಗೆ ಎಲ್ಲಿ ಖಾಲಿಯಿದೆ ಎಂದು ಯಾವ ಜಾತಿಯನ್ನೂ ಕೇಳದೆ ಜನ ಇದೇ ಫೋನುಗಳಲ್ಲಿ ಒಬ್ಬರಿಗೊಬ್ಬರು ತಿಳಿಸಿದರು. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ನನ್ನ ತಾಯಿಯ ವಿಷಯ. ಆಕೆಗೆ ಓದು ಬರಹ ಬಾರದು. ಹುಬ್ಬಳ್ಳಿಗೆ ಕೊಟ್ಟ ಮಗಳಿಗೆ ಸುದ್ದಿ ಮುಟ್ಟಿಸಬೇಕಾದರೆ ಹಿಂದೆ ಇನ್ನೊಬ್ಬರ ಕೈಯಲ್ಲಿ ಬರೆಸಬೇಕಿತ್ತು. ಇನ್ನೊಬ್ಬರ ಕೈಯಲ್ಲಿ ಬರೆಸುವಾಗ ಹೇಳಬೇಕಾದದ್ದರಲ್ಲಿ ಅರ್ಧ ಹೊಟ್ಟೆಯಲ್ಲೇ ಉಳಿಯುತ್ತಿತ್ತು. ಈಗ ಆಕೆ ಗುಂಡಿ ಒತ್ತಿ ಹಿಡಿದು ತನ್ನದೇ ದಖನಿಯಲ್ಲಿ ಐದು ನಿಮಿಷ ಮಾತನಾಡಿ ಕಳಿಸುತ್ತಾಳೆ. ಅಕ್ಷರ ಬಾರದ ಸಾವಿರಾರು ತಾಯಂದಿರಿಗೆ ಈ ಯಂತ್ರ ಬಾಯಿ ಕೊಟ್ಟಿದೆ. ಜಾಲತಾಣ ಬಿಟ್ಟುಬಿಡಿ ಎಂದು ಉಪದೇಶಿಸುವ ಪಟ್ಟಣದ ಬುದ್ಧಿವಂತರು ಆಕೆಯ ಮುಂದೆ ನಿಂತು ಆ ಮಾತು ಹೇಳಲಿ.

ತಾಯಿಯ ಮಾತಿನಲ್ಲಿ ಬಿರುಸಿಲ್ಲವೇ? ಬೇಕಾದಷ್ಟಿದೆ. ಬೀಗರನ್ನು ಆಕೆ ಝಾಡಿಸುವುದನ್ನು ಕೇಳಬೇಕು. ಅಂದರೆ ಬಿರುಸು ಮಾತೇ ರೋಗವೆಂದು ತಿಳಿಯುವುದೂ ತಪ್ಪು. ನಮ್ಮ ಪಕ್ಕದ ರಾಣೆಬೆನ್ನೂರು ತಾಲೂಕಿನ ಚೌಡದಾನಪುರ ಅಂಬಿಗರ ಚೌಡಯ್ಯನ ಊರು. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಅವನಷ್ಟು ಒರಟಾಗಿ ಮಾತನಾಡಿದವರು ಇನ್ನೊಬ್ಬರು ಸಿಗುವುದು ಕಷ್ಟ. ಡಾಂಭಿಕ ಭಕ್ತರನ್ನು, ವೇಷಧಾರಿ ಗುರುಗಳನ್ನು ಅವನು ಬೈದ ಬೈಗುಳವನ್ನು ಇಂದು ಫೇಸ್‌ಬುಕ್ಕಿನಲ್ಲಿ ಹಾಕಿದರೆ ಖಾತೆ ಮುಚ್ಚಿಸುವವರು ಸಾಲುಗಟ್ಟಿ ಬರುತ್ತಾರೆ. ಆದರೆ ಅವನು ಅಂಬಿಗ. ತುಂಗಭದ್ರೆಯನ್ನು ದಾಟಲು ಬಂದವರನ್ನು ದಾಟಿಸುವುದು ಅವನ ಕಾಯಕ. ಭಕ್ತನೂ ಡಾಂಭಿಕನೂ ದಡಕ್ಕೆ ಬಂದಾಗ ಹತ್ತಬೇಕಾದದ್ದು ಒಂದೇ ದೋಣಿ. ನಡುಹೊಳೆಯಲ್ಲಿ ಹುಟ್ಟು ಹಾಕುತ್ತ ಎದುರು ಕೂತವನನ್ನು ಬೈಯುವುದಕ್ಕೂ, ಬಾಗಿಲು ಹಾಕಿಕೊಂಡು ನಮ್ಮವರ ನಡುವೆ ಅವರನ್ನು ಬೈಯುವುದಕ್ಕೂ ಎಷ್ಟು ದೂರ! ಮೊದಲನೆಯದಕ್ಕೆ ಎದೆಗಾರಿಕೆ ಬೇಕು. ಎರಡನೆಯದಕ್ಕೆ ಜಿಯೋ ರೀಚಾರ್ಜ್ ಸಾಕು.

ಇಷ್ಟು ಹೇಳಿದಾಗ ಓದಿದವರು ಒಂದು ಮಾತು ಎತ್ತುತ್ತಾರೆ: ಇದು ಜನರ ತಪ್ಪಲ್ಲ, ಕಂಪನಿಗಳ ಆಟ. ಈ ಮಾತಿನಲ್ಲಿ ಹುರುಳಿದೆ. ಫೇಸ್‌ಬುಕ್ 2017ರಿಂದ ಸಿಟ್ಟಿನ ಮುಖದ ಚಿತ್ರವೂ ಸೇರಿದಂತೆ ಭಾವಸೂಚಕ ಚಿತ್ರಗಳಿಗೆ ಒಂದು ಲೈಕಿಗಿಂತ ಐದು ಪಟ್ಟು ತೂಕ ಕೊಟ್ಟಿತ್ತು ಎಂಬುದು ಕಂಪನಿಯ ಒಳಗಿನ ದಾಖಲೆಗಳಿಂದ 2021ರಲ್ಲಿ ಹೊರಬಿತ್ತು. ಎಂದರೆ ಒಬ್ಬನು ಮೆಚ್ಚುವಂತೆ ಬರೆದದ್ದಕ್ಕಿಂತ ಒಬ್ಬನು ಕೆರಳುವಂತೆ ಬರೆದದ್ದು ಹೆಚ್ಚು ಜನರ ಮುಂದೆ ಹೋಗುತ್ತಿತ್ತು. ಸಿಟ್ಟಿನ ತೂಕವನ್ನು ಸೊನ್ನೆಗೆ ಇಳಿಸಿದ್ದು 2020ರ ಸೆಪ್ಟೆಂಬರಿನಲ್ಲಿ. ಆ ನಡುವಿನ ವರ್ಷಗಳಲ್ಲಿ ನಮ್ಮ ದೇಶದಲ್ಲಿ ಏನೇನಾಯಿತೆಂದು ನೆನಪಿಸಿಕೊಳ್ಳಿ. ವಾಟ್ಸಾಪ್ ಕೂಡ ಗುಂಪು ಹತ್ಯೆಗಳ ನಂತರ 2018ರಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಕಳಿಸದಂತೆ ಮಾಡಿತು. 2020ರ ಏಪ್ರಿಲಿನಲ್ಲಿ, ಹಲವು ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆ ಕಳಿಸಬಹುದೆಂದಾಯಿತು. ಅಂಥ ಸಂದೇಶಗಳ ಓಡಾಟ ಶೇ. 70ರಷ್ಟು ಇಳಿಯಿತೆಂದು ಕಂಪನಿಯೇ ಹೇಳಿಕೊಂಡಿತು. ಒಂದು ಸಣ್ಣ ತಿರುಪು ತಿರುಗಿಸಿದರೆ ಇಷ್ಟು ಆಗುವುದಾದರೆ, ಅದನ್ನು ತಿರುಗಿಸಲು ಹೆಣಗಳು ಬೀಳುವವರೆಗೆ ಕಾದದ್ದೇಕೆಂದು ಆ ಕಂಪನಿಗಳನ್ನು ಕೇಳಲೇಬೇಕು.

ಆದರೆ ಜಮಾಅತಿನ ಗುಂಪಿಗೆ ನಾನು ಕಳಿಸಿದ ಸಾಲನ್ನು ಯಾವ ಕಂಪನಿಯೂ ನನ್ನ ಕೈ ಹಿಡಿದು ಬರೆಸಲಿಲ್ಲ.

ಕಾನೂನನ್ನು ನೆಚ್ಚುವವರಿಗೂ ಒಂದು ಮಾತು. ಐಟಿ ಕಾಯಿದೆಯ 66ಎ ಕಲಂ ಅನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದುಮಾಡಿತು; ಅದು ಯಾರ ಮೇಲೆ ಹೇಗೆ ಬಳಕೆಯಾಯಿತೆಂಬುದನ್ನು ನೋಡಿದವರಿಗೆ ಆ ತೀರ್ಪಿನ ಬೆಲೆ ಗೊತ್ತು. ಗುಂಪಿನಲ್ಲಿ ಯಾರೋ ಹಾಕಿದ್ದಕ್ಕೆ ಅಡ್ಮಿನ್ ಹೊಣೆಯಲ್ಲವೆಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿತು. ನಮ್ಮ ರಾಜ್ಯದ ವಿಧಾನಮಂಡಲ 2025ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ದ್ವೇಷ ಭಾಷಣದ ವಿರುದ್ಧದ ಮಸೂದೆಯನ್ನು ಅಂಗೀಕರಿಸಿತು. ಕೊಲ್ಲಿರೆಂದು ಕರೆ ಕೊಡುವವನಿಗೆ ಕಾನೂನು ಬೇಕೇ ಬೇಕು. ಆದರೆ ಒಂದು ಹೆಸರು ಮಾತ್ರ ಓದಿ ಎರಡನ್ನು ನುಂಗುವುದು ಯಾವ ಕಾನೂನಿನ ಅಪರಾಧ? ಪೊಲೀಸರು ಇಲ್ಲಿ ಏನು ಮಾಡಿಯಾರು?

ಇನ್ನು ನಮ್ಮವರು ಎತ್ತುವ ಆಕ್ಷೇಪ. ಇದು ಹಗುರವಾದದ್ದಲ್ಲ. ಅವರ ಮಾತಿಗೂ ನಮ್ಮ ಮಾತಿಗೂ ಹೋಲಿಕೆ ಎಲ್ಲಿ ಎಂದು ಅವರು ಕೇಳುತ್ತಾರೆ. 2020ರಲ್ಲಿ ಕೊರೊನಾ ಬಂದಾಗ ಒಂದು ಇಡೀ ಸಮುದಾಯವನ್ನು ರೋಗವೆಂದು ಕರೆದರು. 2022ರ ಮೊದಲ ದಿನವೇ ಮುಸ್ಲಿಂ ಹೆಣ್ಣುಮಕ್ಕಳ ಚಿತ್ರಗಳನ್ನು ಹರಾಜಿಗಿಟ್ಟಂತೆ ಆ್ಯಪ್ ಒಂದರಲ್ಲಿ ತೋರಿಸಿದರು. ಅದೇ ವರ್ಷ ಕರಾವಳಿಯ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗವಿಲ್ಲವೆಂಬ ಫಲಕಗಳು ಮೊದಲು ಫೋನಿನಲ್ಲೂ ಆಮೇಲೆ ಬೀದಿಯಲ್ಲೂ ಕಾಣಿಸಿದವು. ಅವರ ಮಾತು ನಮ್ಮ ಅಂಗಡಿ ಮುಚ್ಚಿಸುತ್ತದೆ. ನಮ್ಮ ಮಾತು ನಮ್ಮ ಗುಂಪಿನೊಳಗಿನ ಅಳಲು ಮಾತ್ರ. ಏಟು ತಿಂದವನ ನರಳಾಟವನ್ನೂ ಏಟು ಕೊಟ್ಟವನ ಗರ್ಜನೆಯನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತೀರಾ?

ಇಡುವುದಿಲ್ಲ. ಪರಿಣಾಮ ಸಮವಲ್ಲ ಎಂಬುದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಇಬ್ಬರೂ ತಪ್ಪು ಮಾಡಿದ್ದಾರೆಂದು ಕೈ ತೊಳೆದುಕೊಳ್ಳುವ ಮಧ್ಯಸ್ಥರ ಸಾಲಿನಲ್ಲಿ ನಾನಿಲ್ಲ. ಆದರೆ ನಮ್ಮ ಗುಂಪುಗಳಲ್ಲಿ ನಡೆಯುವುದೆಲ್ಲ ನರಳಾಟವೇ ಎಂಬುದನ್ನು ಒಪ್ಪಲಾರೆ. ನನ್ನ ಆ ಸಾಲು ನರಳಾಟವಾಗಿತ್ತೇ? ಅದರಲ್ಲಿ ಒಂದು ಹುಡುಗಿಯ ಸಾವಿನ ನಡುವೆ ವಾದದಲ್ಲಿ ಗೆದ್ದ ಖುಷಿಯಿತ್ತು. ಎರಡು ಹಿಂದೂ ಹೆಸರುಗಳು ಸಿಕ್ಕವಲ್ಲ ಎಂಬ ಸಮಾಧಾನವಿತ್ತು. ಅದನ್ನು ಅಳಲು ಎಂದು ಕರೆದರೆ ನಿಜವಾಗಿ ಅಳುತ್ತಿರುವವರಿಗೆ ಅವಮಾನ.

ನಾವು ಗೀಬತ್ ಎಂಬ ಶಬ್ದವನ್ನು ಚಿಕ್ಕಂದಿನಿಂದ ಕೇಳಿದವರು. ಇದ್ದವರು ಎದ್ದು ಹೋದ ಮೇಲೆ ಅವರ ಬಗ್ಗೆ ಅವರಿಗೆ ನೋವಾಗುವ ಮಾತಾಡುವುದು ಗೀಬತ್. ಅದು ನಿಜವಾಗಿದ್ದರೂ ಗೀಬತ್ತೇ. ಸುಳ್ಳಾಗಿದ್ದರೆ ಅದಕ್ಕೂ ಕೆಟ್ಟ ಬೇರೆ ಹೆಸರಿದೆ. ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದಲ್ಲಿ ಸುದ್ದಿ ತಂದವನ ಮಾತನ್ನು ವಿಚಾರಿಸಿ ನೋಡಬೇಕೆಂಬ ಆದೇಶವೂ, ಬೆನ್ನ ಹಿಂದೆ ನಿಂದಿಸುವುದನ್ನು ಸತ್ತ ಸಹೋದರನ ಮಾಂಸ ತಿನ್ನುವುದಕ್ಕೆ ಹೋಲಿಸಿದ ಮಾತೂ ಕೆಲವೇ ಸೂಕ್ತಗಳ ಅಂತರದಲ್ಲಿವೆ. ಜುಮಾ ಪ್ರವಚನಗಳಲ್ಲಿ ಮೊದಲನೆಯದನ್ನು ಈಚೆಗೆ ಬಹಳ ಕೇಳುತ್ತೇವೆ, ಸುಳ್ಳು ಸುದ್ದಿಯ ಕಾಲವಲ್ಲವೇ! ಎರಡನೆಯದು ಬಂದಾಗ ಅದು ಹೆಂಗಸರ ಹರಟೆಯ ಬಗ್ಗೆ ಹೇಳಿದ್ದೆಂಬಂತೆ ಗಂಡಸರು ತಲೆದೂಗುತ್ತಾರೆ. ಗೀಬತ್ತಿನ ಮಾತು ನಮ್ಮ ಧರ್ಮದವರ ನಡುವಿನದಷ್ಟೇ, ಹೊರಗಿನವರಿಗೆ ಅನ್ವಯಿಸುವುದಿಲ್ಲವೆಂದು ಒಬ್ಬರು ನನ್ನೊಡನೆ ವಾದಿಸಿದರು. ಅವರ ಅಂಗಡಿಯ ಎಡಕ್ಕೊಬ್ಬರು ಬಲಕ್ಕೊಬ್ಬರು ಲಿಂಗಾಯತರು. ನೆರೆಯವರ ಹಕ್ಕಿನ ಬಗ್ಗೆ ನಾವು ಕೇಳಿದ ಪ್ರವಚನಗಳಲ್ಲಿ ನೆರೆಯವರ ಜಾತಿ ಬರೆದಿತ್ತೇ ಎಂದು ಕೇಳಿದೆ. ಉತ್ತರ ಬರಲಿಲ್ಲ.

ಹಾಗಾದರೆ ಅನ್ಯಾಯವಾದಾಗ ಬಾಯಿ ಮುಚ್ಚಿಕೊಂಡಿರಬೇಕೇ? ಖಂಡಿತ ಬೇಡ. ಎದುರಿಗೆ ಹೇಳಬೇಕು. ಹಾಗೆ ಹೇಳಿದ ಉದಾಹರಣೆ ನಮ್ಮ ಜಿಲ್ಲೆಯದೇ ಇದೆ. 2023ರ ಜನವರಿ 6ರಿಂದ 8ರವರೆಗೆ ಹಾವೇರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಶರೀಫರ ಜಿಲ್ಲೆಯಲ್ಲಿ ನಡೆಯುವ ಸಮ್ಮೇಳನದ ಗೋಷ್ಠಿಗಳಲ್ಲಿ ಮುಸ್ಲಿಂ ಬರಹಗಾರರು ಎಲ್ಲಿ ಎಂಬ ಪ್ರಶ್ನೆ ಎದ್ದಿತು. ಆ ಪ್ರಶ್ನೆ ಹಬ್ಬಿದ್ದು ಇದೇ ಜಾಲತಾಣದಲ್ಲಿ, ಎಲ್ಲರಿಗೂ ಕಾಣುವಂತೆ, ಕೇಳಿದವರು ತಮ್ಮ ಹೆಸರಿಟ್ಟು. ಕೇಳಿದವರಲ್ಲಿ ಹೆಚ್ಚಿನವರು ಮುಸ್ಲಿಮರೂ ಅಲ್ಲ. ಮಾತು ಬಿರುಸಾಗಿಯೇ ಇತ್ತು. ಪರಿಷತ್ತು ಆಕ್ಷೇಪವನ್ನು ಅಲ್ಲಗಳೆಯಿತು, ಅದೂ ಎಲ್ಲರೆದುರಿಗೆ. ಒಪ್ಪದವರು ಸಮ್ಮೇಳನದ ಕೊನೆಯ ದಿನ, ಜನವರಿ 8ರಂದು, ಬೆಂಗಳೂರಿನಲ್ಲಿ ಜನಸಾಹಿತ್ಯ ಸಮ್ಮೇಳನವನ್ನೇ ನಡೆಸಿದರು. ಯಾರು ಗೆದ್ದರೆಂಬ ಲೆಕ್ಕ ಬೇಡ. ಕನ್ನಡದ ವೇದಿಕೆಯಲ್ಲಿ ಯಾರು ಗೈರುಹಾಜರಿ ಎಂಬುದನ್ನು ವೇದಿಕೆಯವರಿಗೇ ಕೇಳಿಸುವಂತೆ ಕೇಳಿದರಲ್ಲ, ಅದು ಜಾಲತಾಣದಿಂದಲೇ ಸಾಧ್ಯವಾಯಿತು. ಅದೇ ದಿನಗಳಲ್ಲಿ ನಮ್ಮ ಮುಚ್ಚಿದ ಗುಂಪುಗಳಲ್ಲಿ ಏನು ನಡೆಯಿತು? ಕನ್ನಡದವರೆಲ್ಲ ಹೀಗೇ ಎಂದು ಬರೆದವರಿದ್ದರು. ಬರೆದದ್ದು ಕನ್ನಡದಲ್ಲಿ! ನಮ್ಮ ಪರವಾಗಿ ಬೆಂಗಳೂರಿನಲ್ಲಿ ಕುರ್ಚಿ ಹಾಕುತ್ತಿದ್ದವರೂ ಆ 'ಎಲ್ಲರಲ್ಲಿ' ಸೇರಿಹೋದರು.

ಆದ್ದರಿಂದ ನಮ್ಮ ಜಮಾಅತಿನ ಗುಂಪಿನಲ್ಲಿ ನಾನೊಂದು ಸೂಚನೆ ಇಟ್ಟೆ. ಯಾವ ಸಂದೇಶವನ್ನು ಸಂತೆಯಲ್ಲಿ, ಗೌಡ್ರ ಕಾಕಾ ಮಂಡಕ್ಕಿ-ಮಿರ್ಚಿ ತಿನ್ನುತ್ತ ಪಕ್ಕದಲ್ಲಿ ಕೂತಿರುವಾಗ, ಗಟ್ಟಿಯಾಗಿ ಓದಿ ಹೇಳಲು ಆಗುವುದಿಲ್ಲವೋ ಅದನ್ನು ಇಲ್ಲಿ ಹಾಕುವುದು ಬೇಡ. ಮೊದಲು ನನ್ನ ಆ ಹಳೆಯ ಸಾಲನ್ನೇ ಎಲ್ಲರಿಗೂ ತೋರಿಸಿ, ಇಂಥದ್ದು ಬೇಡ ಎಂದೆ. ಕೆಲವರು ಒಪ್ಪಿದರು. ಇಬ್ಬರು ಗುಂಪು ಬಿಟ್ಟರು. ಒಬ್ಬರು, 'ನೀವು ಅವರಿಗೆ ಹೆದರಿದ್ದೀರಿ' ಎಂದು ಬರೆದರು. ನಾನು ಹೆದರಿಲ್ಲವೆಂದು ಸುಳ್ಳು ಹೇಳಲಿಲ್ಲ. ಪೇಟೆಯಲ್ಲಿ ಅಂಗಡಿ ಇಟ್ಟು ಬದುಕುವವನಿಗೆ ಇಂದು ಹೆದರಿಕೆ ಇದ್ದೇ ಇದೆ. ಆದರೆ ನಾನು ಹೆದರಿದ್ದು ಇನ್ನೊಂದಕ್ಕೆ ಕೂಡ. ನನ್ನ ಮಗ ಈಗ ಹೈಸ್ಕೂಲಿನಲ್ಲಿದ್ದಾನೆ. ಅವನ ಬಾಯಲ್ಲಿ ಕಾಕಾ, ಚಿಗವ್ವ ಎಂಬ ಶಬ್ದಗಳು ಬರುವುದು ಮನೆಯ ನೆಂಟರಿಗೆ ಮಾತ್ರ. ಊರವರೆಲ್ಲ ಅವನಿಗೆ ಅಂಕಲ್, ಆಂಟಿ.

ಬ್ಯಾಚಿನ ಗುಂಪು ಬಿಟ್ಟುಹೋದ ಆ ಗೆಳೆಯ ಮೊನ್ನೆ ಹಾವೇರಿ ಬಸ್ ನಿಲ್ದಾಣದಲ್ಲಿ ಸಿಕ್ಕ. ಇಬ್ಬರಿಗೂ ತಪ್ಪ��ಸಿಕೊಂಡು ಹೋಗಲು ಜಾಗವಿರಲಿಲ್ಲ.

'ಯಾವಾಗ ಬಂದ್ಯಲೇ? ಚಲೋ ಅದೀ ಏನು?' ಎಂದ.

'ಅದೀನಪಾ. ನೀ?' ಎಂದೆ.

ಚಹಾ ಕುಡಿದೆವು. ಈ ಸಲದ ಗೋವಿನಜೋಳದ ದರ ಬೈದೆವು. ಮಗಳ ಮದುವೆ ಗೊತ್ತಾಗಿದೆಯೆಂದ; ಚೀಲದಿಂದ ಲಗ್ನಪತ್ರಿಕೆ ತೆಗೆದು, ಮೇಲೆ ನನ್ನ ಹೆಸರು ಬರೆಯಲು ಪೆನ್ನು ಹುಡುಕಿದ. ನನ್ನ ಹತ್ತಿರವೂ ಪೆನ್ನು ಇರಲಿಲ್ಲ. ಚಹಾದಂಗಡಿಯವನ ಹತ್ತಿರ ಇಸಿದುಕೊಂಡು ಬರೆದ. 'ಭಾಭೀನ್ ಕರ್ಕೊಂಡ್ ಬರಬೇಕ್ ಮತ್ತ, ಒಬ್ಬನ ಬಂದಿ ಅಂದ್ರ ನೋಡ್' ಎಂದ. ಗುಂಪಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಬಸ್ಸಿನಲ್ಲಿ ಕೂತು ಫೋನು ತೆಗೆದೆ. ಅಡ್ಮಿನ್ ಆದ್ದರಿಂದ ಅವನನ್ನು ಮತ್ತೆ ಸೇರಿಸುವ ಗುಂಡಿ ನನ್ನ ಕೈಯಲ್ಲೇ ಇದೆ. ಇನ್ನೂ ಒತ್ತಿಲ್ಲ. ಮದುವೆ ಮುಂದಿನ ತಿಂಗಳು, ರಾಣೆಬೆನ್ನೂರಿನಲ್ಲಿ. ಮೊದಲು ಹೋಗಿ ಉಂಡು ಬರುತ್ತೇನೆ.